ಹಿಮ ನಮಗೆ ಮಲ್ಪೆಯಷ್ಟೇ ದೂರ: ಉಡುಪಿಯ ಟೀಚರುಗಳಿಗೂ ಹೆತ್ತವರಿಗೂ ಒಂದು ಬಹಿರಂಗ ಪತ್ರ

ಉಡುಪಿ ಜಿಲ್ಲೆಯ ಟೀಚರುಗಳೇ, ಮಾಷ್ಟ್ರುಗಳೇ, ಮಕ್ಕಳ ಅಪ್ಪ ಅಮ್ಮಂದಿರೇ, ಶಿಕ್ಷಣ ಇಲಾಖೆಯ ಅಧಿಕಾರಿಗಳೇ,

ನಿಮಗೆಲ್ಲ ನಮಸ್ಕಾರ. ನಾನು ಈ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ 31 ವರ್ಷ ಪಾಠ ಮಾಡಿದವಳು. ಈಗ ನಿವೃತ್ತಿಯಾಗಿದೆ. ಸಂಜೆ ಹೊತ್ತು ಅಕ್ಕಪಕ್ಕದ ಮನೆಯ ಮಕ್ಕಳು ನಮ್ಮ ಜಗಲಿಗೆ ಬರುತ್ತಾರೆ. ಹೋಂವರ್ಕ್ ಮಾಡುತ್ತಾರೆ, ಜಗಳ ಆಡುತ್ತಾರೆ, ಅವಲಕ್ಕಿ ತಿನ್ನುತ್ತಾರೆ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಓಡುತ್ತಾರೆ.

ಹೋದ ವರ್ಷ ಒಂದು ಸಂಜೆ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಚೀಲದಿಂದ ಪುಸ್ತಕ ತೆಗೆಯುವಾಗ ಒಂದು ಉತ್ತರ ಪತ್ರಿಕೆ ಕೆಳಗೆ ಬಿತ್ತು. ನಾಲ್ಕು ಮಡಿಕೆ ಮಾಡಿ, ಪುಸ್ತಕದ ಬೈಂಡಿನ ಒಳಗೆ ತುರುಕಿ ಇಟ್ಟಿದ್ದಳು. ಮನೆಯಲ್ಲಿ ತೋರಿಸಿಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು. ನಾನು ಬಿಡಿಸಿದೆ. ಅವಳು ತಡೆಯಲಿಲ್ಲ, ಆದರೆ ಬೇರೆ ಕಡೆ ಮುಖ ತಿರುಗಿಸಿದಳು.

ಎರಡು ಅಂಕದ ಪ್ರಶ್ನೆ ಅದು. ‘ನಮ್ಮ ಜಿಲ್ಲೆಯಲ್ಲಿ ಚಳಿಗಾಲದಲ್ಲಿ ಹಿಮ ಬೀಳುವುದಿಲ್ಲ. ಕಾರಣ ಕೊಡಿ.’ ಅವಳು ಬರೆದಿದ್ದಳು: ‘ನಮ್ಮ ಜಿಲ್ಲೆಯಲ್ಲಿ ಹಿಮ ಬೀಳುತ್ತದೆ. ಆದರೆ ಅದು ಮಳೆಗಾಲದಲ್ಲಿ ಬೀಳುತ್ತದೆ. ಮೋಡದ ತಲೆಯಿಂದ ಹೊರಟು ಕೆಳಗೆ ಬರುವಾಗ ನಮ್ಮ ಸೆಕೆಗೆ ಕರಗಿ ನೀರಾಗುತ್ತದೆ. ನಾವು ಅದಕ್ಕೆ ಮಳೆ ಎನ್ನುತ್ತೇವೆ.’

ಅದರ ಮೇಲೆ ಕೆಂಪು ಶಾಯಿಯಲ್ಲಿ ಅಡ್ಡ ಗೀಟು. ಪಕ್ಕದಲ್ಲಿ ಸೊನ್ನೆ. ಸೊನ್ನೆಯ ಕೆಳಗೆ ಎರಡು ಪದ: ‘ತಮಾಷೆ ಬೇಡ’.

ಯಾರು ಹೇಳಿಕೊಟ್ಟದ್ದು ಮಗಾ ಅಂತ ಕೇಳಿದೆ. ಯಾರೂ ಇಲ್ಲ ಅಂದಳು. ಮತ್ತೆ ನಿಧಾನಕ್ಕೆ ಹೇಳಿದಳು. ‘ಅಂಗಡಿಯಲ್ಲಿ ಐಸ್ ಕ್ಯಾಂಡಿ ಕೊಡುವಾಗ ಕಲ್ಲಿನ ಹಾಗೆ ಇರ್ತದೆ ಟೀಚರ್. ಮನೆಗೆ ಬರುವಾಗ ತೊಟ್ಟೆಯಲ್ಲಿ ಕೆಂಪು ನೀರು ಮಾತ್ರ. ತಮ್ಮ ಅಳ್ತಾನೆ. ಅಂಗಡಿ ಅಷ್ಟು ಹತ್ತಿರ ಉಂಟು, ಆದ್ರೂ ಕರಗ್ತದೆ. ಆಕಾಶದಿಂದ ಬರುವುದಾದ್ರೆ ಇನ್ನೂ ದೂರ ಅಲ್ವಾ?’

ಆ ಹುಡುಗಿ ಬರೆದದ್ದು ಸರಿ. ಅದು ಹೇಗೆ ಸರಿ ಅಂತ ಮುಂದೆ ಹೇಳುತ್ತೇನೆ. ಅದಕ್ಕೆ ಸೊನ್ನೆ ಸಿಕ್ಕಿತಲ್ಲ, ಆ ನೋವಿಗೆ ಈ ಪತ್ರ ಬರೆಯುತ್ತಿದ್ದೇನೆ. ಯಾವ ಶಾಲೆ, ಯಾವ ಟೀಚರ್ ಅಂತ ಹೇಳುವುದಿಲ್ಲ. ಅದು ಬೇಕಾಗಿಯೂ ಇಲ್ಲ, ಯಾಕೆಂದರೆ ಇದೇ ತಪ್ಪು ನಾನೂ ಮಾಡಿದ್ದೇನೆ.

ಹೆಬ್ರಿಯ ಕಡೆ ಒಂದು ಶಾಲೆಯಲ್ಲಿ ನನಗೆ ಮೊದಲ ಪೋಸ್ಟಿಂಗ್. ಪಾಠದಲ್ಲಿ ಕಾಶ್ಮೀರದ ಚಿತ್ರ ಇತ್ತು. ನಮ್ಮಲ್ಲಿ ಯಾಕೆ ಹಿಮ ಇಲ್ಲ ಅಂತ ಸುಮ್ನೆ ಕೇಳಿದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. ‘ಟೀಚರ್, ಹಿಮ ಮೇಲಿಂದ ಲಾರಿಯಲ್ಲಿ ಬರ್ತದೆ. ಆಗುಂಬೆ ಘಾಟಿಯಲ್ಲಿ ಲಾರಿ ಬಿಡುವುದಿಲ್ಲ. ಅದಕ್ಕೆ ಅಲ್ಲೇ ಉಳೀತದೆ.’ ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನೂ ನಕ್ಕೆ. ಕೂತ್ಕೋ ಅಂದೆ. ಆ ಹುಡುಗ ಕೂತ. ಮಾರ್ಚ್ ತಿಂಗಳಲ್ಲಿ ಪರೀಕ್ಷೆ ಮುಗಿಯುವವರೆಗೂ ಅವನು ಮತ್ತೆ ಕೈ ಎತ್ತಲಿಲ್ಲ.

ಅವನ ಮುಖ ನನಗೆ ಇವತ್ತಿಗೂ ನೆನಪಿದೆ. ಅವನು ತಮಾಷೆ ಮಾಡಿರಲಿಲ್ಲ. ಅವನ ಊರಿಂದ ಘಾಟಿ ಕಾಣುತ್ತದೆ. ಹದಿನಾಲ್ಕು ತಿರುವಿನ ಆ ದಾರಿಯಲ್ಲಿ ದೊಡ್ಡ ಲಾರಿಗಳನ್ನು ಬಿಡುವುದಿಲ್ಲ ಅನ್ನುವುದು ಅವನಿಗೆ ಗೊತ್ತು. ಚಳಿ ಮೇಲಿನ ಊರಲ್ಲಿ ಜಾಸ್ತಿ, ಕೆಳಗೆ ಕಡಿಮೆ ಅನ್ನುವುದೂ ಗೊತ್ತು. ಗೊತ್ತಿದ್ದ ಎರಡು ವಿಷಯವನ್ನು ಜೋಡಿಸಿ ಗೊತ್ತಿಲ್ಲದ ಮೂರನೆಯದಕ್ಕೆ ಕೈ ಹಾಕಿದ. ವಿಜ್ಞಾನದವರು ಮಾಡುವ ಕೆಲಸವೂ ಇದೇ ಅಲ್ವಾ?

ಆಮೇಲೆ ಒಂದು ರಜೆಯಲ್ಲಿ ಕೂತು ಓದಿದಾಗ ನನಗೆ ಇನ್ನೊಂದು ಗೊತ್ತಾಯಿತು. ಘಾಟಿಯ ವಿಷಯದಲ್ಲಿ ಆ ಹುಡುಗ ಹೇಳಿದ್ದರಲ್ಲಿ ಅರ್ಧ ಸತ್ಯ ಇತ್ತು. ಚಳಿಗಾಲದಲ್ಲಿ ನಮಗೆ ಪೂರ್ವದಿಂದ, ಘಟ್ಟದ ಮೇಲಿಂದ ಒಣ ಗಾಳಿ ಬರುತ್ತದೆ. ಮೇಲೆ ಅದು ತಂಪಾಗಿಯೇ ಇರುತ್ತದೆ. ಆದರೆ ಘಟ್ಟ ಇಳಿಯುವಾಗ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ. ಸೈಕಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಮುಟ್ಟಿ ನೋಡಿ, ಬಿಸಿ ಇರುತ್ತದೆ. ಅದೇ ಲೆಕ್ಕ ಇಲ್ಲೂ. ಒಣ ಗಾಳಿ ಪ್ರತಿ 100 ಮೀಟರ್ ಇಳಿದರೆ ಸುಮಾರು 1 ಡಿಗ್ರಿ ಬಿಸಿ ಏರುತ್ತದೆ. ಆಗುಂಬೆ ಇರುವುದು ಸುಮಾರು 650 ಮೀಟರ್ ಎತ್ತರದಲ್ಲಿ. ಅಲ್ಲಿಂದ ಹೆಬ್ರಿಗೆ ಇಳಿಯುವಷ್ಟರಲ್ಲಿ ಗಾಳಿ ಐದಾರು ಡಿಗ್ರಿ ಬಿಸಿಯಾಗಿರುತ್ತದೆ. ಪೂರ್ವದ ಗಾಳಿ ಜೋರಾಗಿದ್ದ ದಿನ ಸಮುದ್ರದ ಗಾಳಿ ಮಧ್ಯಾಹ್ನ ತಡವಾಗಿ ಬರುತ್ತದೆ. ಅಂಥ ದಿನ ಡಿಸೆಂಬರ್, ಜನವರಿ, ಫೆಬ್ರವರಿಯಲ್ಲೂ ಮಂಗಳೂರು, ಉಡುಪಿ ಕಡೆ 35 ಡಿಗ್ರಿ ದಾಟುವುದುಂಟು. ದೇಶದಲ್ಲೇ ಅವತ್ತು ಜಾಸ್ತಿ ಬಿಸಿಲು ನಮ್ಮ ಕರಾವಳಿಯಲ್ಲಿ ಅಂತ ಪೇಪರಿನಲ್ಲಿ ಬರುವುದೂ ಉಂಟು.

ಅಂದರೆ ಚಳಿ ಘಾಟಿಯಲ್ಲಿ ನಿಜವಾಗಿಯೂ ಕಳೆದುಹೋಗುತ್ತದೆ. ಲಾರಿ ಬದಲು ಗಾಳಿ ಅಂತ ಒಂದು ಪದ ಬದಲಿಸಿದರೆ ಸಾಕಿತ್ತು. ಆ ಒಂದು ಪದವನ್ನು ಅವನ ಕೈಗೆ ಕೊಡಲು ನನಗೆ ಅವತ್ತು ಆಗಲಿಲ್ಲ.

ಆವತ್ತಿನಿಂದ ನಾನು ಒಂದು ನೋಟ್ ಪುಸ್ತಕ ಇಟ್ಟೆ. 200 ಪುಟದ ಲಾಂಗ್ ಬುಕ್. ಮೇಲೆ ‘ಹಿಮ’ ಅಂತ ಮಾತ್ರ ಬರೆದಿದೆ. ಯಾವ ಊರಿಗೆ ವರ್ಗವಾಗಿ ಹೋದರೂ ಡಿಸೆಂಬರಿನಲ್ಲಿ ಒಂದು ದಿನ ಮಕ್ಕಳಿಗೆ ಇದೇ ಪ್ರಶ್ನೆ ಕೇಳುತ್ತಿದ್ದೆ. ಉತ್ತರ ಹೇಳಿದ ಹಾಗೆಯೇ ಬರೆದುಕೊಳ್ಳುತ್ತಿದ್ದೆ. ತಿದ್ದುತ್ತಿರಲಿಲ್ಲ. ಕ್ಲಾಸಿನಲ್ಲಿ ನಗು ಬಂದರೆ ಎಲ್ಲರೂ ಸೇರಿ ನಗುತ್ತಿದ್ದೆವು. ಹೇಳಿದ ಮಗುವೂ ನಗಬೇಕು, ಅದು ನನ್ನ ಷರತ್ತು. ಆ ಮೇಲೆ ಒಂದೇ ಮಾತು ಕೇಳುತ್ತಿದ್ದೆ: ‘ನಿನಗೆ ಯಾಕೆ ಹಾಗೆ ಅನ್ನಿಸಿತು?’

ಈ ಪುಸ್ತಕದಿಂದ ನಿಮಗೆ ಕೆಲವು ಓದಿ ಹೇಳಬೇಕು.

ಮಲ್ಪೆ ಕಡೆಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಹುಡುಗ ಹೇಳಿದ್ದು: ‘ನಮ್ಮೂರಿನ ಐಸೆಲ್ಲ ಬೋಟಿನವರು ತಕ್ಕೊಂಡು ಹೋಗ್ತಾರೆ. ಆಕಾಶಕ್ಕೆ ಉಳಿಯುವುದಿಲ್ಲ.’ ಅವನ ಅಪ್ಪ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದರು. ಬೋಟಿಗೆ ಐಸ್ ಪುಡಿ ತುಂಬುವುದನ್ನು ಅವನು ನೋಡಿದ್ದಾನೆ. ಎಷ್ಟು ಐಸ್ ಅಂತೀರಿ! ಅಷ್ಟೆಲ್ಲ ಸಮುದ್ರಕ್ಕೆ ಹೋದರೆ ಊರಿಗೆ ಏನು ಉಳಿಯುತ್ತದೆ ಅನ್ನುವುದು ಅವನ ಚಿಂತೆ.

ಅದೇ ಕ್ಲಾಸಿನ ಇನ್ನೊಬ್ಬಳು ಒಪ್ಪಲಿಲ್ಲ. ಅವಳ ಚಿಕ್ಕಪ್ಪ ಕೆನಡಾದಲ್ಲಿ. ‘ಅಲ್ಲಿ ಹಿಮ ಕರಗಲಿಕ್ಕೆ ರಸ್ತೆಗೆ ಉಪ್ಪು ಹಾಕ್ತಾರಂತೆ. ನಮ್ಮಲ್ಲಿ ಗಾಳಿಯಲ್ಲೇ ಉಪ್ಪುಂಟು. ಸೈಕಲ್ ತುಕ್ಕು ಹಿಡಿಯುದಿಲ್ವಾ? ಹಾಗೆ ಹಿಮವೂ ಬರುವಾಗಲೇ ಕರಗ್ತದೆ.’

ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ನಾನು ಆ ಹುಡುಗನ ಅಪ್ಪನನ್ನು ಶಾಲೆಗೆ ಕರೆಸಿದೆ. ಅವರು ಮೊದಲು ಹೆದರಿದ್ದರು, ಮಗ ಏನೋ ತಂಟೆ ಮಾಡಿದ್ದಾನೆ ಅಂತ. ವಿಷಯ ಗೊತ್ತಾದ ಮೇಲೆ ಬೆಂಚಿನ ಮೇಲೆ ಕೂತು ಮುಕ್ಕಾಲು ಗಂಟೆ ಮಾತಾಡಿದರು. ಐಸ್ ಪ್ಲಾಂಟಿನ ತೊಟ್ಟಿಯಲ್ಲಿ ಉಪ್ಪು ನೀರು ಇರುತ್ತದೆ. ಅಮೋನಿಯಾದ ಪೈಪುಗಳು ಆ ನೀರನ್ನು ಸೊನ್ನೆಗಿಂತ ಎಷ್ಟೋ ಕೆಳಗೆ ತಂಪು ಮಾಡುತ್ತವೆ. ಉಪ್ಪು ಇರುವ ಕಾರಣ ಅದು ಗಟ್ಟಿಯಾಗುವುದಿಲ್ಲ, ನೀರಾಗಿಯೇ ಉಳಿಯುತ್ತದೆ. ಅದರೊಳಗೆ ಸಿಹಿ ನೀರಿನ ಉದ್ದ ಡಬ್ಬಿಗಳನ್ನು ಇಳಿಸುತ್ತಾರೆ. ಸುಮಾರು ಒಂದು ದಿನ ಕಳೆದರೆ ಡಬ್ಬಿಯ ನೀರು ಗಡ್ಡೆ ಕಟ್ಟಿರುತ್ತದೆ. ‘ಉಪ್ಪಿಲ್ಲದಿದ್ದರೆ ನನ್ನ ಕೆಲಸವೇ ಇಲ್ಲ’ ಅಂದರು ಅವರು. ಜಗಳ ಆಡಿದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇಬ್ಬರ ಉತ್ತರವೂ ಒಂದೇ ತೊಟ್ಟಿಯಲ್ಲಿ ಇತ್ತು.

ಉಪ್ಪು ಹಿಮವನ್ನು ಕರಗಿಸುತ್ತದೆ ಅನ್ನುವುದು ನಿಜ. ಸಮುದ್ರದ ನೀರು ಗಟ್ಟಿಯಾಗಬೇಕಾದರೆ ಸೊನ್ನೆ ಸಾಲದು, ಸುಮಾರು ಮೈನಸ್ 1.8 ಡಿಗ್ರಿ ಬೇಕು. ಆದರೆ ನಮ್ಮೂರಿಗೆ ಹಿಮ ಬಾರದೆ ಇರಲು ಸಮುದ್ರದ ಉಪ್ಪಿಗಿಂತ ಅದರ ಬಿಸಿ ದೊಡ್ಡ ಕಾರಣ. ಮಾರನೇ ದಿನ ಮಕ್ಕಳನ್ನು ಬೀಚಿಗೆ ಕರೆದುಕೊಂಡು ಹೋದೆ. ಮಧ್ಯಾಹ್ನ ಹೊಯ್ಗೆಯಲ್ಲಿ ಕಾಲಿಡಲು ಆಗುವುದಿಲ್ಲ, ನೀರು ತಂಪು. ಕತ್ತಲಾಗುವಾಗ ಮತ್ತೆ ಮುಟ್ಟಿ ನೋಡಿದರು. ಹೊಯ್ಗೆ ತಣ್ಣಗಾಗಿತ್ತು, ನೀರು ಬೆಚ್ಚಗೆ ಹಾಗೇ ಇತ್ತು. ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ನೀರು ಎರಡನ್ನೂ ನಿಧಾನಕ್ಕೆ ಮಾಡುತ್ತದೆ. ಜನವರಿಯಲ್ಲೂ ನಮ್ಮ ಅರಬ್ಬಿ ಸಮುದ್ರದ ಮೇಲಿನ ನೀರು 27–28 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಂಥ ದೊಡ್ಡ ಬೆಚ್ಚಗಿನ ಹಂಡೆಯ ಪಕ್ಕ ಮನೆ ಮಾಡಿಕೊಂಡವರು ನಾವು. ರಾತ್ರಿ 20 ಡಿಗ್ರಿಗೆ ಇಳಿದರೆ ನಮಗೆ ಚಳಿ. ಹಿಮಕ್ಕೆ ಸೊನ್ನೆಯ ಹತ್ತಿರ ಬೇಕು.

ಶಂಕರಪುರದ ಹತ್ತಿರ ಇದ್ದಾಗ ಒಬ್ಬಳು ಹೇಳಿದ ಉತ್ತರ ನನಗೆ ಎಲ್ಲಕ್ಕಿಂತ ಇಷ್ಟ. ‘ಹಿಮ ಬಿದ್ದರೆ ಎಲ್ಲ ಬಿಳಿ ಆಗ್ತದೆ ಟೀಚರ್. ಮಲ್ಲಿಗೆ ಮೊಗ್ಗು ಕಾಣುದಿಲ್ಲ. ಅಮ್ಮ ಹೇಗೆ ಕೊಯ್ಯುದು? ಅದಕ್ಕೆ ದೇವರು ಹಿಮವನ್ನು ಮಲ್ಲಿಗೆ ಇಲ್ಲದ ಊರಿಗೆ ಕೊಟ್ಟಿದ್ದಾರೆ.’ ಅವಳ ಮನೆಯ ಅಂಗಳದಲ್ಲಿ ಮಲ್ಲಿಗೆ ಗಿಡ ಇತ್ತು. ಬೆಳಕು ಹರಿಯುವ ಮೊದಲು ತಾಯಿ ಮಗಳು ಮೊಗ್ಗು ಕೊಯ್ಯುತ್ತಿದ್ದರು. ಚಳಿಗಾಲದಲ್ಲಿ ಮೊಗ್ಗು ಕಡಿಮೆಯಾಗುತ್ತದೆ, ಅಟ್ಟೆಗೆ (ಮಲ್ಲಿಗೆ ಮಾರುವ ಅಳತೆ) ರೇಟು ಏರುತ್ತದೆ. ಇದು ಮಲ್ಲಿಗೆ ಬೆಳೆಯುವ ಎಲ್ಲ ಮನೆಗೂ ಗೊತ್ತು. ಚಳಿಗೂ ಹೂವಿಗೂ ಆಗಿಬರುವುದಿಲ್ಲ ಅನ್ನುವುದನ್ನು ಆ ಮಗು ಪುಸ್ತಕದಿಂದ ಕಲಿತದ್ದಲ್ಲ, ಬೆರಳ ತುದಿಯಿಂದ ಕಲಿತದ್ದು. ನಾನು ಅವಳಿಗೆ ಮಾವಿನ ವಿಷಯ ಹೇಳಿದೆ. ಮಾವು ಹೂ ಬಿಡಬೇಕಾದರೆ ಚಳಿಗಾಲದ ತಂಪು ರಾತ್ರಿಗಳು ಬೇಕು. ಒಂದೇ ಅಂಗಳದ ಎರಡು ಗಿಡಕ್ಕೆ ಒಂದೇ ಚಳಿ ಬೇರೆ ಬೇರೆ ಥರ ಕೆಲಸ ಮಾಡುತ್ತದೆ. ಅವಳು ತುಂಬಾ ಹೊತ್ತು ಯೋಚನೆ ಮಾಡಿದಳು.

ಇನ್ನೂ ಇವೆ. ಹಿಮಕ್ಕೆ ತುಳು ಬರುವುದಿಲ್ಲ, ಅದಕ್ಕೆ ಇಲ್ಲಿ ಇಳಿಯಲು ನಾಚಿಕೆ. ಹಿಮ ಬಿದ್ದರೆ ಗದ್ದೆಯಲ್ಲಿ ರಾತ್ರಿ ಯಕ್ಷಗಾನ ನೋಡಲು ಕೂರಲಾಗುವುದಿಲ್ಲ, ಅದಕ್ಕೆ ಪತ್ತನಾಜೆ (ಮೇ ಕೊನೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದ ಮೇಲೆ ಬಾ ಅಂತ ಹೇಳಿದ್ದಾರೆ, ಆಗ ಬಂದರೆ ಅದು ಮಳೆಯಾಗುತ್ತದೆ. ಮಠದ ಕೃಷ್ಣನಿಗೆ ಬೆಣ್ಣೆ ಮೆತ್ತಗೆ ಇರಬೇಕು. ತೆಂಗಿನ ಗರಿ ಹಿಮದ ಭಾರ ತಡೆಯುವುದಿಲ್ಲ. ಈ ಕೊನೆಯದನ್ನು ಹೇಳಿದವನಿಗೆ ನಾನು ಎರಡು ಸಲ ಶಹಬ್ಬಾಸ್ ಹೇಳಿದೆ. ಹಿಮ ಬೀಳುವ ದೇಶಗಳ ಮರಗಳು ಯಾಕೆ ಗೋಪುರದ ಹಾಗೆ ಚೂಪಾಗಿರುತ್ತವೆ, ಹಿಮ ಹೇಗೆ ಜಾರಿ ಬೀಳುತ್ತದೆ ಅಂತ ಆ ದಿನ ಬೋರ್ಡಿನ ಮೇಲೆ ಚಿತ್ರ ಬರೆದು ಮಾತಾಡಿದೆವು. ನಮ್ಮ ಹಂಚಿನ ಮಾಡು ಇಳಿಜಾರಾಗಿರುವುದು ಮಳೆಗೆ ಅಂತ ಮಕ್ಕಳೇ ಹೇಳಿದರು.

ಈಗ ಪುಸ್ತಕದ ಉತ್ತರಕ್ಕೆ ಬರೋಣ. ಹೆಚ್ಚಿನ ಗೈಡುಗಳಲ್ಲಿ ಒಂದು ಸಾಲು ಇರುತ್ತದೆ: ‘ನಾವು ಭೂಮಧ್ಯರೇಖೆಗೆ ಹತ್ತಿರ ಇದ್ದೇವೆ.’ ಇದನ್ನು ಬರೆದರೆ ಪೂರ್ತಿ ಅಂಕ. ಸುಳ್ಳಲ್ಲ, ಉಡುಪಿ ಇರುವುದು ಸುಮಾರು 13 ಡಿಗ್ರಿ ಉತ್ತರದಲ್ಲಿ. ಆದರೆ ಒಂದು ಮಗು ಎದ್ದು ಕೇಳಿತು ಅಂತ ಇಟ್ಟುಕೊಳ್ಳಿ: ಆಫ್ರಿಕಾದ ಕಿಲಿಮಂಜಾರೋ ಭೂಮಧ್ಯರೇಖೆಗೆ ನಮಗಿಂತ ಎಷ್ಟೋ ಹತ್ತಿರ ಇದೆ, ಬರೀ 3 ಡಿಗ್ರಿ ದಕ್ಷಿಣಕ್ಕೆ. ಅದರ ನೆತ್ತಿಯಲ್ಲಿ ಹಿಮ ಯಾಕಿದೆ? ಗೈಡಿನಲ್ಲಿ ಇದಕ್ಕೆ ಉತ್ತರ ಇಲ್ಲ. ಕಿಲಿಮಂಜಾರೋ 5,895 ಮೀಟರ್ ಎತ್ತರ. ಮೇಲೆ ಹೋದ ಹಾಗೆ ಪ್ರತಿ ಕಿಲೋಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ತಂಪು. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ರಾಜ್ಯದಲ್ಲೇ ಎತ್ತರದ ಬೆಟ್ಟ ಅದು. ಉಡುಪಿಯಲ್ಲಿ 20 ಡಿಗ್ರಿ ಇರುವ ರಾತ್ರಿ ಈ ಲೆಕ್ಕ ಹಾಕಿದರೆ ಅಲ್ಲಿ ಎಂಟರ ಹತ್ತಿರ ಬರುತ್ತದೆ. ನಡುಗಲು ಸಾಕು, ಹಿಮಕ್ಕೆ ಸಾಲದು. ಮೇಲಾಗಿ ಉತ್ತರದ ಕಡೆಯಿಂದ ಬರುವ ಮಹಾ ಚಳಿಯನ್ನು ಹಿಮಾಲಯ ಅಲ್ಲೇ ತಡೆದು ನಿಲ್ಲಿಸುತ್ತದೆ.

ಈಗ ಅದೇ ಆರೂವರೆ ಡಿಗ್ರಿಯ ಲೆಕ್ಕವನ್ನು ಉಡುಪಿಯ ಆಕಾಶಕ್ಕೆ ಹಾಕಿ. ನೆಲದಲ್ಲಿ 30 ಡಿಗ್ರಿ ಇದ್ದರೂ ಸುಮಾರು 5 ಕಿಲೋಮೀಟರ್ ಮೇಲೆ ಸೊನ್ನೆ ಸಿಗುತ್ತದೆ. ನಮ್ಮ ಕಡೆಯ ಆಕಾಶದಲ್ಲಿ ವರ್ಷವಿಡೀ ಹೆಚ್ಚು ಕಡಿಮೆ ಇದೇ ಎತ್ತರ. ಉಡುಪಿ ಬಸ್‌ಸ್ಟ್ಯಾಂಡಿನಿಂದ ಮಲ್ಪೆ ಬೀಚಿಗೂ ಹೆಚ್ಚು ಕಡಿಮೆ ಅಷ್ಟೇ ದೂರ, ಬೇಕಾದರೆ ಒಂದು ಕಿಲೋಮೀಟರ್ ಜಾಸ್ತಿ. ಸಿಟಿ ಬಸ್ ಆಕಾಶಕ್ಕೆ ಏರುವುದಾದರೆ ಮಲ್ಪೆಗೆ ಮುಟ್ಟುವ ಹೊತ್ತಿಗೆ ಹಿಮದ ಗಡಿ ದಾಟಿರುತ್ತಿದ್ದೆವು. ಇದನ್ನು ಮಕ್ಕಳಿಗೆ ಹೇಳಿದರೆ ಅವರ ಕಣ್ಣು ಹೇಗೆ ಅರಳುತ್ತದೆ ಅಂತ ನೀವು ಒಮ್ಮೆ ನೋಡಬೇಕು.

ಮಳೆಗಾಲದ ದೊಡ್ಡ ಮೋಡಗಳು ಆ ಗಡಿ ದಾಟಿ ತುಂಬಾ ಮೇಲೆ ಹೋಗುತ್ತವೆ. ಕೆಲವು 10 ಕಿಲೋಮೀಟರಿಗೂ ಎತ್ತರ ಬೆಳೆಯುತ್ತವೆ. ಅಂಥ ಮೋಡದ ತಲೆಯಲ್ಲಿ ಇರುವುದು ಹಿಮದ ಹರಳು. ಅವು ಒಂದಕ್ಕೊಂದು ಅಂಟಿಕೊಂಡು ದೊಡ್ಡದಾಗಿ ಕೆಳಗೆ ಬೀಳುತ್ತವೆ. ಸೊನ್ನೆಯ ಗಡಿ ದಾಟಿದ ಕೂಡಲೇ ಕರಗಲು ಶುರು. ನಮ್ಮ ಕೊಡೆಗೆ ತಾಗುವಾಗ ಅದು ಮಳೆ ಹನಿ. ಹವಾಮಾನದ ರಾಡಾರಿನಲ್ಲಿ ಆ ಕರಗುವ ಜಾಗ ಒಂದು ಹೊಳೆಯುವ ಪಟ್ಟಿಯಾಗಿ ಕಾಣುತ್ತದೆ. ಎಲ್ಲ ಮಳೆಯೂ ಹೀಗೆ ಹುಟ್ಟುವುದಿಲ್ಲ, ಗಿಡ್ಡ ಮೋಡಗಳ ಮಳೆ ಶುರುವಿನಿಂದಲೂ ನೀರೇ. ಆದರೆ ಗುಡುಗು ಸಿಡಿಲಿನ ಮಳೆಯಲ್ಲಿ, ದೊಡ್ಡ ಮೋಡದ ಮಳೆಯಲ್ಲಿ, ನಮ್ಮ ತಲೆಯ ಮೇಲೆ ಹಿಮ ಬೀಳುತ್ತಿರುತ್ತದೆ. ದಾರಿಯಲ್ಲಿ ಕರಗುತ್ತದೆ. ಚಳಿಗಾಲದಲ್ಲಿ ಯಾಕಿಲ್ಲ? ಆಗ ನಮ್ಮ ಆಕಾಶದಲ್ಲಿ ಅಂಥ ಮೋಡಗಳೇ ಇರುವುದಿಲ್ಲ.

ಆರನೇ ಕ್ಲಾಸಿನ ಹುಡುಗಿ ನಾಲ್ಕು ಸಾಲಿನಲ್ಲಿ ಬರೆದದ್ದು ಇದನ್ನೇ. ಒಂದು ಐಸ್ ಕ್ಯಾಂಡಿಯಿಂದ ಅಲ್ಲಿವರೆಗೆ ನಡೆದು ಹೋಗಿದ್ದಾಳೆ. ತಮಾಷೆ ಅಂತ ಕಂಡ ಆ ಉತ್ತರ ಗೈಡಿನ ಉತ್ತರಕ್ಕಿಂತ ಆಳವಾಗಿತ್ತು.

ಯೋಹಾನೆಸ್ ಕೆಪ್ಲರ್ ಒಮ್ಮೆ ಪ್ರಾಗ್ ಊರಿನಲ್ಲಿ ಸೇತುವೆ ದಾಟುವಾಗ ಅವರ ಕೋಟಿನ ಮೇಲೆ ಹಿಮ ಬಿತ್ತಂತೆ. ಹಿಮದ ಹರಳಿಗೆ ಯಾವಾಗಲೂ ಆರೇ ಮೂಲೆ ಯಾಕೆ, ಐದು ಯಾಕಿಲ್ಲ, ಏಳು ಯಾಕಿಲ್ಲ ಅಂತ 1611ರಲ್ಲಿ ಹೊರಬಂದ ಒಂದು ಪುಟ್ಟ ಪುಸ್ತಕದಲ್ಲಿ ಅವರು ಕೇಳಿದರು. ಗ್ರಹಗಳ ದಾರಿಯ ಲೆಕ್ಕ ಕಂಡುಹಿಡಿದ ಮನುಷ್ಯ ಇವರು. ಜೇನುಗೂಡಿನ ಹಾಗಿರಬಹುದೇ ಅಂತ ನೋಡಿದರು. ದಾಳಿಂಬೆಯ ಬೀಜ ಒತ್ತಿಕೊಂಡು ಕೂರುವ ಹಾಗಿರಬಹುದೇ ಅಂತ ನೋಡಿದರು. ಒಂದೊಂದು ಕಾರಣವನ್ನೂ ಎತ್ತಿ ನೋಡಿ ಪಕ್ಕಕ್ಕಿಟ್ಟರು. ಪೂರ್ತಿ ಉತ್ತರ ಅವರಿಗೆ ಸಿಗಲಿಲ್ಲ, ಮುಂದಿನವರಿಗೆ ಬಿಟ್ಟರು. ಅವರ ಪತ್ರಿಕೆ ನಮ್ಮ ಕೈಗೆ ಬಂದಿದ್ದರೆ ನಾವು ಏನು ಅಂಕ ಕೊಡುತ್ತಿದ್ದೆವು? ದಾಳಿಂಬೆ, ಜೇನುಗೂಡು ಅಂತ ಬರೆದವರಿಗೆ?

ಜಪಾನಿನ ಉಕಿಚಿರೋ ನಾಕಾಯಾ 1936ರಲ್ಲಿ ಪ್ರಯೋಗಶಾಲೆಯೊಳಗೆ ಮೊದಲ ಬಾರಿಗೆ ಹಿಮದ ಹರಳು ಬೆಳೆಸಿದರು. ಅದು ಬೆಳೆದದ್ದು ಮೊಲದ ಕೂದಲಿನ ತುದಿಯಲ್ಲಿ. ಮೊಲದ ಕೂದಲಿನಲ್ಲಿ ಹಿಮ ಹುಟ್ಟುತ್ತದೆ ಅಂತ ನಮ್ಮ ಮಗು ಬರೆದಿದ್ದರೆ ಅದನ್ನೂ ತಮಾಷೆ ಅನ್ನುತ್ತಿದ್ದೆವೋ ಏನೋ.

ಟೀಚರುಗಳೇ, ನಿಮ್ಮ ಕಷ್ಟ ನನಗೆ ಗೊತ್ತು. 40 ಪತ್ರಿಕೆ ತಿದ್ದಬೇಕು, ಅದರ ಮೇಲೆ ಆನ್‌ಲೈನ್ ಎಂಟ್ರಿ, ಬಿಸಿಯೂಟದ ಲೆಕ್ಕ, ಗಣತಿ ಕೆಲಸ. ಪ್ರತಿ ಉತ್ತರದ ಹಿಂದೆ ಹೋಗಲು ಟೈಮ್ ಎಲ್ಲಿದೆ? ಎಲ್ಲ ಉತ್ತರಕ್ಕೂ ಪೂರ್ತಿ ಅಂಕ ಕೊಡಿ ಅಂತ ನಾನು ಹೇಳುತ್ತಿಲ್ಲ. ತಪ್ಪು ತಪ್ಪೇ. ಲಾರಿಯಲ್ಲಿ ಹಿಮ ಬರುವುದಿಲ್ಲ, ಅದನ್ನು ಮಗುವಿಗೆ ಹೇಳಲೇಬೇಕು. ನನ್ನ ಬೇಡಿಕೆ ಇಷ್ಟೇ: ಸೊನ್ನೆ ಹಾಕುವ ಮೊದಲು ‘ಯಾಕೆ ಹಾಗೆ ಅನ್ನಿಸಿತು’ ಅಂತ ಒಂದು ಸಲ ಕೇಳಿ. ಕ್ಲಾಸಿನಲ್ಲಿ ಅಲ್ಲದಿದ್ದರೆ ಊಟದ ಬಿಡುವಿನಲ್ಲಿ ಕೇಳಿ. ಅರ್ಧ ನಿಮಿಷದ ಕೆಲಸ. ‘ತಮಾಷೆ ಬೇಡ’ ಅಂತ ಬರೆಯುವ ಜಾಗದಲ್ಲಿ ‘ಬಂದು ಮಾತಾಡು’ ಅಂತ ಬರೆಯಿರಿ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. ಮಗು ಇಂಥದ್ದೇನಾದರೂ ಹೇಳಿದಾಗ ನಾವು ಅದನ್ನು ನೆಂಟರ ಎದುರು ಹೇಳಿಸಿ ನಗುತ್ತೇವೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಗ್ರೂಪಿಗೆ ಹಾಕುತ್ತೇವೆ. ಪ್ರೀತಿಯಿಂದಲೇ ಮಾಡುವುದು, ನನಗೆ ಅನುಮಾನ ಇಲ್ಲ. ಆದರೆ ಮೂರನೇ ಸಲ ಹೇಳಿಸುವಾಗ ಮಗುವಿನ ಮುಖ ನೋಡಿ. ಅದು ಯೋಚನೆ ಮಾಡಿ ಹೇಳಿದ್ದು, ನೀವು ಆಟ ಮಾಡಿದಿರಿ. ನಗಿ, ಚೆನ್ನಾಗಿ ನಗಿ. ನಕ್ಕ ಮೇಲೆ ಅದರ ಜತೆ ಕೂತು ಇನ್ನೊಂದು ಪ್ರಶ್ನೆ ಕೇಳಿ.

ಇಲಾಖೆಯವರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಜಿಲ್ಲೆಯ ಪ್ರತಿ ಪ್ರಾಥಮಿಕ ಶಾಲೆಗೆ ಒಂದು ಗೋಡೆಗೆ ಹಾಕುವ ಥರ್ಮಾಮೀಟರ್ ಕೊಡಿ, ಒಂದು ಮಳೆಮಾಪಕ ಕೊಡಿ. ಥರ್ಮಾಮೀಟರಿಗೆ ಕೆಲವು ನೂರು ರೂಪಾಯಿ ಆಗಬಹುದು, ಮಳೆಮಾಪಕವನ್ನು ಮಕ್ಕಳೇ ಬಾಟಲಿ ಕತ್ತರಿಸಿ ಮಾಡಿದರೂ ಆದೀತು. ಬಾಗಿಲ ಪಕ್ಕ ಒಂದು ಕರಿ ಹಲಗೆ ಇರಲಿ. ಬೆಳಗ್ಗೆ ಪ್ರಾರ್ಥನೆಗೆ ಮೊದಲು ಒಂದು ಮಗು ಹೋಗಿ ಡಿಗ್ರಿ ಓದಿ ಬರೆಯಲಿ. ಸರದಿ ಪ್ರಕಾರ ಎಲ್ಲರಿಗೂ ಅವಕಾಶ ಸಿಗಲಿ. ಹೆಬ್ರಿಯ ಶಾಲೆಯ ಡಿಗ್ರಿ, ಮಲ್ಪೆಯ ಶಾಲೆಯ ಡಿಗ್ರಿ, ಶಂಕರಪುರದ ಡಿಗ್ರಿ ತಿಂಗಳಿಗೊಮ್ಮೆ ಪಕ್ಕಪಕ್ಕ ಇಟ್ಟು ನೋಡಲಿ. ಘಾಟಿಯ ಬುಡದ ಮಕ್ಕಳಿಗೂ ಕಡಲ ತಡಿಯ ಮಕ್ಕಳಿಗೂ ಮಾತಾಡಿಕೊಳ್ಳಲು ಬೇಕಾದಷ್ಟು ಸಿಗುತ್ತದೆ.

ಅದು ಬರುವವರೆಗೆ ಕಾಯಬೇಕೆಂದೂ ಇಲ್ಲ. ನಮ್ಮ ಎಲ್ಲರ ಬಚ್ಚಲಲ್ಲಿ ಒಂದು ಥರ್ಮಾಮೀಟರ್ ಇದೆ, ತೆಂಗಿನೆಣ್ಣೆಯ ಬಾಟಲಿ. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿಗಿಂತ ತಂಪಾದರೆ ಗಟ್ಟಿಯಾಗಲು ಶುರುವಾಗುತ್ತದೆ. ಮಳೆಗಾಲ ಕಳೆದು ಡಿಸೆಂಬರ್ ಬಂದಾಗ ಒಂದು ಬೆಳಗ್ಗೆ ಬಾಟಲಿ ಬೋರಲು ಹಾಕಿದರೂ ಎಣ್ಣೆ ಬರುವುದಿಲ್ಲ. ಬುಡದಲ್ಲಿ ಬಿಳಿ ಮೋಡದ ಹಾಗೆ ಕೂತಿರುತ್ತದೆ. ನಾವು ಅದನ್ನು ಹಂಡೆಯ ಪಕ್ಕ ಇಡುತ್ತೇವೆ, ಇಲ್ಲವೇ ಅಂಗಳದ ಬಿಸಿಲಿಗೆ ಇಡುತ್ತೇವೆ. ಹತ್ತು ನಿಮಿಷದಲ್ಲಿ ಅಂಚಿನಿಂದ ಕರಗಿ, ನಡುವೆ ಒಂದು ಬಿಳಿ ಉಂಡೆ ಬಿಡಿಯಾಗಿ ಉಳಿಯುತ್ತದೆ. ಬಾಟಲಿ ಅಲ್ಲಾಡಿಸಿದರೆ ಆ ಉಂಡೆ ಮೆಲ್ಲಗೆ ತಿರುಗುತ್ತದೆ. ದ್ರವ ಗಟ್ಟಿಯಾಗುವುದು, ಗಟ್ಟಿಯಾದದ್ದು ಕರಗುವುದು, ಎಲ್ಲವೂ ಅಂಗೈಯಲ್ಲೇ ಇದೆ. ನಮ್ಮ ಮಕ್ಕಳಿಗೆ ಹಿಮದ ಪಾಠ ಅಲ್ಲಿಂದ ಶುರುವಾಗಲಿ.

ಕಳೆದ ಡಿಸೆಂಬರಿನಲ್ಲಿ ನಮ್ಮ ಜಗಲಿಯ ಮಕ್ಕಳು ಇದನ್ನು ಮಾಡಿದರು. ಪ್ರತಿ ಮನೆಯಲ್ಲೂ ಒಂದು ಬಾಟಲಿ. ಬೆಳಗ್ಗೆ ಎದ್ದು ನೋಡಿ ಕ್ಯಾಲೆಂಡರಿನಲ್ಲಿ ಬರೆಯಬೇಕು: ಗಟ್ಟಿ, ಅರ್ಧ, ನೀರು. ತಾರಸಿ ಮನೆಯ ಬಾಟಲಿ ನೀರಾಗಿದ್ದ ದಿನ ಹಂಚಿನ ಮನೆಯ ಬಾಟಲಿ ಗಟ್ಟಿ. ಕಿಟಕಿಯ ಹತ್ತಿರದ್ದು ಗಟ್ಟಿ, ಅಡುಗೆ ಒಲೆಯ ಪಕ್ಕದ್ದು ನೀರು. ಯಾಕೆ ಅಂತ ಒಂದು ವಾರ ಜಗಳ ನಡೆಯಿತು. ನಾನು ನಡುವೆ ಬಾಯಿ ಹಾಕಲಿಲ್ಲ. ಧನುರ್ಮಾಸದ ಪೂಜೆಗೆ ಬೆಳಗಿನ ಜಾವ ಹೋಗಿ ಬಂದ ಒಬ್ಬ, ದೇವಸ್ಥಾನದ ಕಲ್ಲಿನ ಮೇಲೆ ಕಾಲಿಟ್ಟಾಗ ಎಣ್ಣೆಗಿಂತ ನಾನೇ ಮೊದಲು ಗಟ್ಟಿಯಾದೆ ಅಂದ. ಅದನ್ನೂ ಪುಸ್ತಕದಲ್ಲಿ ಬರೆದಿದ್ದೇನೆ.

ಆ ಉತ್ತರ ಪತ್ರಿಕೆಯ ಹುಡುಗಿಗೆ ನಾನು ಮೋಡದ ವಿಷಯ, ಐದು ಕಿಲೋಮೀಟರಿನ ವಿಷಯ ಎಲ್ಲ ಹೇಳಿದೆ. ನೀನು ಬರೆದದ್ದು ಸರಿ ಅಂದೆ. ಅವಳು ತಕ್ಷಣ ಕುಣಿಯಲಿಲ್ಲ. ‘ಹಾಗಾದ್ರೆ ಟೀಚರ್ ಯಾಕೆ ಸೊನ್ನೆ ಕೊಟ್ರು?’ ಅಂತ ಕೇಳಿದಳು. ಅವರು ಪುಸ್ತಕದಲ್ಲಿದ್ದ ಉತ್ತರ ಹುಡುಕುತ್ತಿದ್ದರು, ನಿನ್ನದು ಅಲ್ಲಿ ಇರಲಿಲ್ಲ ಅಂದೆ. ಬೇರೆ ಏನು ಹೇಳಬೇಕು ಅಂತ ನನಗೆ ಗೊತ್ತಾಗಲಿಲ್ಲ.

ಎರಡು ದಿನ ಬಿಟ್ಟು ಒಂದು ಚಿತ್ರ ಮಾಡಿ ತಂದಳು. ಕೆಳಗೆ ಸಮುದ್ರ, ಒಂದು ಬೋಟು, ಎರಡು ತೆಂಗಿನ ಮರ, ಮಲ್ಪೆ ಅಂತ ಬೋರ್ಡು ಹಾಕಿದ ಸಿಟಿ ಬಸ್ಸು. ಮೇಲೆ ದೊಡ್ಡ ಮೋಡ. ನಡುವೆ ಸ್ಕೇಲಿಟ್ಟು ಎಳೆದ ಗೆರೆ, ಪಕ್ಕದಲ್ಲಿ ‘5 ಕಿ.ಮೀ., 0 ಡಿಗ್ರಿ’. ಗೆರೆಗಿಂತ ಮೇಲಿರುವ ಚುಕ್ಕೆಗಳಿಗೆ ಆರು ಮೂಲೆ, ಬಣ್ಣ ಹಾಕದೆ ಬಿಳಿ ಬಿಟ್ಟಿದ್ದಾಳೆ. ಗೆರೆಯ ಕೆಳಗಿನವೆಲ್ಲ ನೀಲಿ. ಗೆರೆಯ ಮೇಲೆ ಸರಿಯಾಗಿ ಕೂತ ಒಂದೇ ಒಂದು ಚುಕ್ಕೆಯನ್ನು ಅರ್ಧ ಬಿಳಿ, ಅರ್ಧ ನೀಲಿ ಮಾಡಿದ್ದಾಳೆ. ಅದಕ್ಕೆ ಬಾಣದ ಗುರುತು ಹಾಕಿ ಬರೆದಿದ್ದಾಳೆ: ‘ಇದಕ್ಕೆ ಹೆಸರು ಏನು?’

ಚಿತ್ರ ನಮ್ಮ ಜಗಲಿಯ ಗೋಡೆಯಲ್ಲಿದೆ. ನಿಮ್ಮ ಶಾಲೆಯ ಮಕ್ಕಳನ್ನು ಕರೆದುಕೊಂಡು ಯಾವ ಸಂಜೆ ಬೇಕಾದರೂ ಬನ್ನಿ. ಬರುವಾಗ ಅವರ ಉತ್ತರಗಳನ್ನೂ ತನ್ನಿ. ಪುಸ್ತಕದಲ್ಲಿ ಇನ್ನೂ 60 ಪುಟ ಖಾಲಿ ಇದೆ.

ಇತಿ,
ನಿಮ್ಮವಳೇ ಆದ ಒಬ್ಬ ನಿವೃತ್ತ ಟೀಚರ್,
ಉಡುಪಿ